ಮಲಗುವ ಮುಂಚೆ ಒಲೆಯ ಡ್ಯಾಂಪರ್ ಮುಚ್ಚಬೇಡಿ

ಪುಣೆಯಲ್ಲಿ ಚಳಿ ಕಾಯಿಸೋಕೆ ಒಲೆ ಯಾಕಪ್ಪಾ ಅಂತ ನಗಬೇಡಿ. ಮುಳಶಿ ಹಿನ್ನೀರಿನ ಹತ್ತಿರ ನಮ್ಮದೊಂದು ಸಣ್ಣ ಮನೆ ಇದೆ. ಜನವರಿ ರಾತ್ರಿ ಅಲ್ಲಿ ಹಲ್ಲು ಕಟಕಟ ಅನ್ನುತ್ತವೆ. ಗೋಡೆಯ ಅಗ್ಗಿಷ್ಟಿಕೆಯ ಬಿಸಿಯೆಲ್ಲ ಚಿಮಣಿ ಹಿಡಿದು ಆಕಾಶಕ್ಕೆ ಹೋಗುತ್ತಿತ್ತು. ಅದಕ್ಕೇ ಅದರೊಳಗೆ ಇನ್ಸರ್ಟ್ ಕೂರಿಸಿದೆವು. ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ, ಬಿಸಿಗಾಳಿ ಹೊರಗೆ ತಳ್ಳೋಕೆ ಒಂದು ಬ್ಲೋವರ್. ಖರ್ಚು ಕೇಳಬೇಡಿ.

ಆದರೂ ಕೋಣೆ ಬೆಚ್ಚಗಾಗಲಿಲ್ಲ. ಕೂರಿಸಿದವನಿಗೆ ಫೋನ್ ಮಾಡಿದೆ. ಮಲಗುವಾಗ ಡ್ಯಾಂಪರ್, ಅಂದರೆ ಹೊಗೆ ಕೊಳವೆಯೊಳಗಿನ ಮುಚ್ಚಳ, ಮುಚ್ಚಿಬಿಡಿ, ಬಿಸಿ ಮನೆಯಲ್ಲೇ ಉಳಿಯುತ್ತೆ ಅಂದ. ಕೇಳೋಕೆ ಸರಿಯಾಗಿಯೇ ಇತ್ತು ಅಲ್ವಾ? ಉರಿ ಇರಲಿಲ್ಲ, ಹೊಗೆ ಇರಲಿಲ್ಲ, ಬರೀ ಕೆಂಡ. ಮುಚ್ಚಿ ಮಲಗಿದೆ.

ರಾತ್ರಿ ಮೂರಕ್ಕೆ ಧಾರವಾಡದಿಂದ ಬಂದಿದ್ದ ಅವ್ವ ಬಚ್ಚಲಿಗೆ ಅಂತ ಎದ್ದವಳು ಬಾಗಿಲಲ್ಲೇ ಕುಸಿದಳು. “ತಲಿ ಸಿಡ್ಯಾಕತ್ತೈತೋ ತಮ್ಮಾ” ಅಂದಳು. ನನಗೂ ವಾಕರಿಕೆ. ಪಾಪ, ನಾನು ರಾತ್ರಿ ತಿಂದ ಝುಣಕದ ಮೇಲೆ ಅನುಮಾನಪಟ್ಟೆ. ಹೆಂಡತಿ ಮಾತ್ರ, “ಎಲ್ಲರಿಗೂ ಒಂದೇ ಸಲ ಹೆಂಗ್ರೀ ತಲೆನೋವು?” ಅಂದವಳೇ ಕಿಟಕಿ ಬಾಗಿಲು ಎಲ್ಲ ತೆಗೆದಳು. ಅವತ್ತು ನಾವು ಉಳಿದಿದ್ದು ಅವಳಿಂದ.

ಆಸ್ಪತ್ರೆಯಲ್ಲಿ ಅವ್ವನ ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸಿತು. ಎಲ್ಲ ಸರಿ ಇದೆ ಅಂತ ನನಗೆ ಸಮಾಧಾನ. ಡಾಕ್ಟರಮ್ಮ ಅದನ್ನು ನಂಬಲಿಲ್ಲ. “ಮನೆಯಲ್ಲಿ ಏನಾದರೂ ಉರಿಸಿದ್ರಾ?” ಅಂತ ಕೇಳಿ ರಕ್ತ ಪರೀಕ್ಷೆಗೆ ಕಳಿಸಿದರು. ಕಾರ್ಬನ್ ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ಆಕ್ಸಿಜನ್ನಿಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಬೆರಳಿನ ಯಂತ್ರಕ್ಕೆ ಎರಡರ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹೊಗೆಯಿಲ್ಲದ ಕೆಂಡವೂ ಇದನ್ನು ಬಿಡುತ್ತದೆ, ಕೊಳವೆ ಮುಚ್ಚಿದರೆ ಅದು ಮನೆಯೊಳಗೇ ತಿರುಗುತ್ತದೆ. ಅವ್ವನಿಗೆ ಗಂಟೆಗಟ್ಟಲೆ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು.

ಆಮೇಲೆ ಬೇರೆ ಮಿಸ್ತ್ರಿಯನ್ನು ಕರೆಸಿದೆ. ಅವನು ಮೊದಲು ನೋಡಿದ್ದು ಒಲೆಯನ್ನಲ್ಲ, ಸೌದೆಯನ್ನು. ವಖಾರಿಯಿಂದ ತಂದ ಹಸಿ ಮಾವಿನ ತುಂಡು, ಹಚ್ಚಿದರೆ ತುದಿಯಲ್ಲಿ ಸುಂಯ್ ಅಂತ ನೊರೆ ಬರುತ್ತಿತ್ತು. ಗಾಜು ಕಪ್ಪಾಗಿದ್ದೂ ಅದಕ್ಕೇ. ನಮ್ಮ ದುಡ್ಡಿನ ಬಿಸಿ ಆ ನೀರು ಆರಿಸೋಕೇ ಹೋಗುತ್ತಿತ್ತು! ಬ್ಲೋವರಿನ ತುಂಬ ಧೂಳು. ಇನ್ಸರ್ಟಿನ ಮೇಲೆ, ಹಳೆ ಚಿಮಣಿಯ ಬಾಯಲ್ಲಿ, ಕೊಳವೆಯ ಸುತ್ತ ತಗಡು ಹಾಕದೆ ಬಿಟ್ಟಿದ್ದರಿಂದ ಪೆಟ್ಟಿಗೆಯ ಬಿಸಿ ಅಲ್ಲಿಂದ ಮೇಲೆ ಹೋಗುತ್ತಿತ್ತು. ತಗಡು ಹಾಕಿಸಿದೆ, ಒಂದು ವರ್ಷ ಒಣಗಿದ ಜಾಲಿ ಸೌದೆ ತಂದೆ. ಈಗ ಅದೇ ಒಲೆ ಎದುರು ಸ್ವೆಟರ್ ಬಿಚ್ಚಬೇಕು.

ಮಲಗುವ ಕೋಣೆಯ ಹೊರಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ. ಡ್ಯಾಂಪರಿನ ಹಿಡಿಯನ್ನು ತೆರೆದೇ ಇರುವ ಹಾಗೆ ತಂತಿ ಸುತ್ತಿ ಬಿಗಿದಿದ್ದೇನೆ. ಈ ಸಲ ಬಂದಾಗ ಅವ್ವ ರಾತ್ರಿ ಮಲಗುವ ಮುಂಚೆ ತಾನೇ ಹೋಗಿ ಆ ತಂತಿ ಎಳೆದು ನೋಡಿ ಬರುತ್ತಿದ್ದಳು.