ಪೈನ್‌ಫೋನ್, ಲಿಬ್ರೆಮ್ 5: ಚಿಕ್ಕಮಗಳೂರಿನ ದಿನಬಳಕೆಗೆ ಯಾವುದು?

ಖಾಸಗಿತನಕ್ಕಾಗಿ ಲಿನಕ್ಸ್ ಫೋನ್ (ಆಂಡ್ರಾಯ್ಡ್ ಬದಲು ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯನ್ನೇ ಓಡಿಸುವ ಫೋನ್) ಕೊಳ್ಳಲು ಯೋಚಿಸುವವರ ಮುಂದೆ ಮೊದಲಿಗೆ ಬರುವ ಹೆಸರುಗಳು ಪೈನ್64 ಸಂಸ್ಥೆಯ ಪೈನ್‌ಫೋನ್ ಮತ್ತು ಪ್ಯೂರಿಸಂನ ಲಿಬ್ರೆಮ್ 5. ಮೋಡೆಮ್ (ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಭಾಗ), ವೈಫೈ, ಕ್ಯಾಮೆರಾ, ಮೈಕ್‌ಗಳನ್ನು ಯಂತ್ರಾಂಶದ ಮಟ್ಟದಲ್ಲೇ ನಿಲ್ಲಿಸುವ ಸ್ವಿಚ್‌ಗಳು ಎರಡರಲ್ಲೂ ಇವೆ. ಲಿಬ್ರೆಮ್‌ನಲ್ಲಿ ಅವು ಅಂಚಿನಲ್ಲೇ ಕೈಗೆ ಸಿಗುತ್ತವೆ, ಪೈನ್‌ಫೋನ್‌ನಲ್ಲಾದರೋ ಪ್ರತಿ ಸಲವೂ ಹಿಂಬದಿಯ ಮುಚ್ಚಳ ತೆಗೆಯಬೇಕು. ಪೈನ್‌ಫೋನ್ ಬಹಳ ಅಗ್ಗ, ಅಷ್ಟೇ ನಿಧಾನ. ಲಿಬ್ರೆಮ್‌ನ 4500 ಎಂಎಎಚ್ ಬ್ಯಾಟರಿ ದೊಡ್ಡದು, ದೇಹವೂ ದಪ್ಪ.

ನಿಜವಾದ ತೊಡಕು ಬೇರೆಡೆ ಇದೆ. ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲದ ಕಾರಣ ಕರೆಗೆ ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗಿಸುವ ವಿಧಾನ) ಬೇಕೇ ಬೇಕು, ಮತ್ತು ಈ ಫೋನ್‌ಗಳಲ್ಲಿ ಅದು ಮೋಡೆಮ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಜಾಲಕ್ಕೆ ಹೊಂದುವುದನ್ನು ಅವಲಂಬಿಸಿರುತ್ತದೆ. ಸಿಗ್ನಲ್ಲೇ ಅಪರೂಪವಾದ ಮೂಡಿಗೆರೆ ಕಡೆಯ ತೋಟದ ಮನೆಯವರು ಇದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಸಂತೆಯಲ್ಲಿ ಸೊಪ್ಪು ಕೊಳ್ಳುವುದಕ್ಕೂ ಬಳಸುವ ಯುಪಿಐ ಆ್ಯಪ್‌ಗಳು ಆಂಡ್ರಾಯ್ಡ್, ಐಒಎಸ್‌ಗಳಿಗಾಗಿ ರೂಪುಗೊಂಡವು. ಲಿನಕ್ಸ್‌ನೊಳಗೆ ಆಂಡ್ರಾಯ್ಡ್ ಓಡಿಸುವ ವೇಡ್ರಾಯ್ಡ್‌ನಲ್ಲಿ ಅವನ್ನು ತೆರೆಯಬಹುದಾದರೂ ಸಿಮ್ ದೃಢೀಕರಣ ಮತ್ತು ಭದ್ರತಾ ತಪಾಸಣೆಗಳನ್ನು ದಾಟಿಸುವುದು ಕಷ್ಟ.

ಆದ್ದರಿಂದ ಒಂದೇ ಫೋನ್ ಇಟ್ಟುಕೊಳ್ಳುವವರಿಗೆ ನಾನು ಇವೆರಡನ್ನೂ ಸೂಚಿಸಲಾರೆ. ಆಂಡ್ರಾಯ್ಡ್ ಮೂಲದ್ದೇ ಆದರೂ, ಗೂಗಲ್‌ನ ಪಿಕ್ಸೆಲ್ ಫೋನಿನ ಮೇಲೆ ಖಾಸಗಿತನಕ್ಕೆ ಒತ್ತು ಕೊಡುವ ಗ್ರಾಫೀನ್‌ಒಎಸ್ ವ್ಯವಸ್ಥೆ ಹಾಕಿಕೊಳ್ಳುವುದು ಅವರಿಗೆ ಮೇಲು. ಎರಡನೆಯ ಫೋನಾಗಿ, ಕಲಿಯುವ ಆಸಕ್ತಿಗೆ ಪೈನ್‌ಫೋನ್ ಸಾಕು.