ಹುಲ್ಲುಗಾಡಿಯ ನಕಲು: ನೇರವಾಗಿ ಬಣ್ಣವೋ, ಮೊದಲು ಕಂದು ತಳವೋ?

ಆಯಿಲ್ ಪೇಂಟಿಂಗ್ ಕಲಿಯಬೇಕಾದರೆ ಹಳೇ ಚಿತ್ರವೊಂದನ್ನು ನಕಲು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಮಾಡಬೇಕು ಅನ್ನೋದರಲ್ಲಿ ಮಾತ್ರ ಎರಡು ಪಂಗಡ. ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಬಣ್ಣ ಹಚ್ಚಿ, ಹಸಿ ಇರುವಾಗಲೇ ಮುಗಿಸಿ ಅನ್ನುವವರು ಒಂದು ಕಡೆ. ಮೊದಲು ಬರೀ ಕಂದು ಬಣ್ಣದಲ್ಲಿ ಇಡೀ ಚಿತ್ರ ಬರೆದು, ಒಣಗಿದ ಮೇಲೆ ಪದರ ಪದರವಾಗಿ ಬಣ್ಣ ಕೊಡಿ ಅನ್ನುವವರು ಇನ್ನೊಂದು ಕಡೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾನು ಎರಡನ್ನೂ ಮಾಡಿ ನೋಡಿದೆ. ಚಿತ್ರ ಒಂದೇ, ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ಬರೆದ ‘ದಿ ಹೇ ವೇನ್’, ಅಂದರೆ ಹುಲ್ಲುಗಾಡಿ. ಹೊಳೆಯ ನಡುವೆ ಗಾಡಿ, ಅದರಲ್ಲಿ ಇಬ್ಬರು, ದಡದಲ್ಲಿ ನಾಯಿ, ದೂರದ ಹೊಲದಲ್ಲಿ ಚುಕ್ಕೆಗಳಂತೆ ಕೆಲಸಗಾರರು. ಮೂಲ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಸುಮಾರು 130 ಸೆಂ.ಮೀ. ಎತ್ತರ, 185 ಸೆಂ.ಮೀ. ಅಗಲ. 14 ಇಂಚಿಗೆ 20 ಇಂಚಿನ ಕ್ಯಾನ್ವಾಸ್ ತಗೊಂಡರೆ ಅಳತೆ ಹೆಚ್ಚುಕಮ್ಮಿ ಸರಿಹೊಂದುತ್ತದೆ.

ಆಕಾಶದಲ್ಲಿ ನೇರ ವಿಧಾನವೇ ಗೆಲ್ಲುತ್ತದೆ. ಅಲ್ಟ್ರಾಮರೀನ್ ಎಂಬ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಬಿಳಿ, ಈ ಮೂರರಲ್ಲೇ ಮೋಡದ ಬೂದು ಬರುತ್ತದೆ. ಹಸಿ ಬಣ್ಣದೊಳಗೆ ಹಸಿ ಬಣ್ಣ ಎಳೆದಾಗ ಅಂಚು ತಾನೇ ಮೃದುವಾಗುತ್ತದೆ. ಕಂದು ತಳದ ಮೇಲೆ ತೆಳುವಾಗಿ ಹಚ್ಚಿದ ಆಕಾಶಕ್ಕೆ ಆ ಜೀವ ಬರಲ್ಲ.

ಆದರೆ ಮನುಷ್ಯರು, ಗಾಡಿ, ಕುದುರೆಗಳ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಕುದುರೆಯ ಸಜ್ಜಿನ ಮೇಲೆ ಒಂಚೂರು ಕೆಂಪು ಇದೆ ನೋಡಿ, ಸುತ್ತಲಿನ ಅಷ್ಟೂ ಹಸಿರನ್ನು ಎತ್ತಿ ಹಿಡಿಯುವುದು ಅದೇ. ನೇರ ವಿಧಾನದಲ್ಲಿ ಆ ಕೆಂಪನ್ನು ಕುದುರೆಯ ಹಸಿ ಕಂದಿನ ಮೇಲೆ ಇಟ್ಟರೆ ಒಂದೇ ಕ್ಷಣದಲ್ಲಿ ಕೆಸರು. ಬ್ರಷ್ ಒರೆಸಿ, ದಪ್ಪಗೆ ಬಣ್ಣ ತುಂಬಿ, ಒಂದೇ ಸಲ ಮುಟ್ಟಿಸಿ ಬಿಡಬೇಕು. ಹೊಸಬರ ಕೈಗೆ ಅದು ಸುಲಭವಲ್ಲ.

ಕಂದು ತಳದ ವಿಧಾನದಲ್ಲಿ ಗಾಢ ಕಂದು ಬಣ್ಣವಾದ ಬರ್ನ್ಟ್ ಅಂಬರ್‌ಗೆ ಟರ್ಪಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, ಬೆಳಕಿರುವ ಕಡೆ ಬಟ್ಟೆಯಿಂದ ಒರೆಸುತ್ತಾ ಹೋಗಬೇಕು. ಬಣ್ಣದ ಗೊಡವೆಯೇ ಇಲ್ಲ, ಕಪ್ಪು ಎಲ್ಲಿ, ಬಿಳಿ ಎಲ್ಲಿ ಅನ್ನೋದಷ್ಟೇ ಯೋಚನೆ. ಕಣ್ಣು ಕಿರಿದು ಮಾಡಿ ನೋಡಿದರೆ ಹೊಳೆಯುವ ನೀರಿನ ಮೇಲೆ ಕಪ್ಪು ಗಾಡಿ ಕೂತಿರೋದು ಆಗಲೇ ಕಾಣಬೇಕು, ಕಾಣದಿದ್ದರೆ ಮೇಲೆ ಎಷ್ಟು ಬಣ್ಣ ಹಾಕಿದರೂ ಗಾಡಿ ಮರದ ನೆರಳಿನಲ್ಲಿ ಕಳೆದೇಹೋಗುತ್ತದೆ. ಆಮೇಲೆ ಒಣಗಿದ ತಳದ ಮೇಲೆ ಆ ಕೆಂಪನ್ನು ಇಟ್ಟು ನೋಡಿ, ಹಾಗೇ ನಿಲ್ಲುತ್ತದೆ. ಜಾಗ ತಪ್ಪಿತು ಅನ್ನಿಸಿದರೆ ಬಟ್ಟೆಯಿಂದ ಒರೆಸಿ, ಕೆಳಗಿನ ಪದರಕ್ಕೆ ಏನೂ ಆಗಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಏನಿದೆ?

ತೊಂದರೆ ಒಂದೇ, ಮುಂಬೈ ಮಳೆ. ಆಯಿಲ್ ಬಣ್ಣ ನೀರಿನ ಬಣ್ಣದಂತೆ ಆರಿ ಒಣಗುವುದಲ್ಲ, ಅದರ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರೋದರಿಂದ ಅದು ಬೇಗ ಒಣಗುತ್ತದೆ. ಆದರೆ ಜುಲೈಯ ತೇವದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಟೈಟಾನಿಯಂ ವೈಟ್ ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ತಾಳ್ಮೆ ಇಲ್ಲದೆ ಮೇಲಿನ ಪದರ ಹಾಕಬೇಡಿ. ಕೆಳಗಿನದಕ್ಕಿಂತ ಮೇಲಿನದರಲ್ಲಿ ಅಗಸೆ ಎಣ್ಣೆ ಸ್ವಲ್ಪ ಜಾಸ್ತಿ ಇರಲಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ನನ್ನನ್ನು ಕೇಳಿದರೆ, ಮನುಷ್ಯರಿರುವ ಚಿತ್ರಕ್ಕೆ ಕಂದು ತಳವೇ ಸರಿ, ಆಕಾಶದ ಜಾಗ ಮಾತ್ರ ಖಾಲಿ ಬಿಟ್ಟು ಅಲ್ಲಿ ನೇರವಾಗಿ ಹಚ್ಚಿ. ಮಳೆಗಾಲದಲ್ಲಿ ಬರೀ ಮೋಡಗಳನ್ನು ನೇರ ವಿಧಾನದಲ್ಲಿ ಅಭ್ಯಾಸ ಮಾಡಿ, ಗಾಡಿ, ಜನ ಎಲ್ಲ ನವೆಂಬರ್ ಮೇಲೆ ಇಟ್ಟುಕೊಳ್ಳಿ. ಶುರು ಮಾಡುವ ಮುಂಚೆ ಒಂದು ಭಾನುವಾರ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಿ, ಟಾಟಾ ಮನೆತನದ ಸಂಗ್ರಹದಿಂದ ಬಂದ ಯುರೋಪಿನ ಆಯಿಲ್ ಚಿತ್ರಗಳನ್ನು ಪಕ್ಕದಿಂದ ಓರೆಯಾಗಿ ನೋಡಿ. ಬಣ್ಣ ಎಲ್ಲಿ ಉಬ್ಬಿದೆ, ಎಲ್ಲಿ ತೆಳುವಾಗಿದೆ ಅನ್ನೋದು ಫೋನಿನಲ್ಲಿ ಎಷ್ಟು ಝೂಮ್ ಮಾಡಿದರೂ ಕಾಣಲ್ಲ.