550 ಅಂದ್ರೆ ಮಾಡೆಲ್ ನಂಬರ್ ಅಂತೆ! ಪ್ಯಾರಾಕಾರ್ಡ್ ಕಿಟ್ ತಗೊಳ್ಳೋ ಮುಂಚೆ ಇದನ್ನು ಓದಿ

ಟ್ರೆಕ್ಕಿಂಗ್‌ಗೆ ಅಂತ, ಮಕ್ಕಳ ಕ್ಯಾಂಪ್‌ಗೆ ಅಂತ ಪ್ಯಾರಾಕಾರ್ಡ್ (ಪ್ಯಾರಾಚೂಟ್‌ಗೆ ಕಟ್ಟುವಂಥ ಗಟ್ಟಿ ನೈಲಾನ್ ಹಗ್ಗ) ಬ್ರೇಸ್‌ಲೆಟ್ ಮಾಡುವ ಕಿಟ್ ಆರ್ಡರ್ ಮಾಡೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ. ನನ್ನ 1,250 ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ. ಐದು ಜನರ ಮುಂದೆ ಮರ್ಯಾದೆ ಹೋಯಿತಲ್ಲ, ಅದು ಇನ್ನೂ ಉರೀತಿದೆ.

ಫೋನಿನಲ್ಲಿ ಬಂದ ಜಾಹೀರಾತು ಅದು. ನೂರು ಅಡಿ ಹಗ್ಗ, ಹತ್ತು ಬಕಲ್. ಬಕಲ್‌ನಲ್ಲೇ ಸೀಟಿ, ದಿಕ್ಸೂಚಿ, ಬೆಂಕಿ ಹೊತ್ತಿಸುವ ಕಡ್ಡಿ. ಮೇಲೆ ದಪ್ಪ ಅಕ್ಷರದಲ್ಲಿ 'ಒರಿಜಿನಲ್ 550 ಮಿಲಿಟರಿ ಗ್ರೇಡ್'.

ಈ 550 ಸುಮ್ನೆ ಬಂದ ಸಂಖ್ಯೆ ಅಲ್ಲ. 550 ಪೌಂಡ್, ಅಂದರೆ ಸುಮಾರು 250 ಕಿಲೋ ಎಳೆದರೂ ಹರಿಯಬಾರದು ಅಂತ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಪ್ಯಾರಾಚೂಟ್‌ಗೆ ಕಟ್ಟುತ್ತಿದ್ದ ನೈಲಾನ್ ಹಗ್ಗದ ಜಾತಿ ಇದು. ಹೊರಗೆ ಹೆಣೆದ ಕವಚ, ಒಳಗೆ 7 ಎಳೆ, ಒಂದೊಂದು ಎಳೆಯೂ ಮತ್ತೆ ತೆಳು ದಾರಗಳನ್ನು ಹೊಸೆದು ಮಾಡಿದ್ದು. ಕಾಡಲ್ಲಿ ಏನಾದರೂ ಆದರೆ ಬ್ರೇಸ್‌ಲೆಟ್ ಬಿಚ್ಚಿದರೆ ಎಂಟೊಂಬತ್ತು ಅಡಿ ಹಗ್ಗ ಕೈಗೆ ಬರುತ್ತೆ. ಸಣ್ಣ ಕೆಲಸಕ್ಕೆ ಒಳಗಿನ ಎಳೆ ಸಾಕು. ಇದನ್ನೆಲ್ಲ ಆಫೀಸಿನ ಗೆಳೆಯರಿಗೆ ಊಟದ ಹೊತ್ತಲ್ಲಿ ಭಾಷಣ ಮಾಡಿದವನು ನಾನೇ. ಈಗ ಅದೇ ತಿರುಗಿಸಿ ಹೊಡೀತಿದೆ.

ಎರಡು ರಾತ್ರಿ ಕೂತು ಆರು ಬ್ರೇಸ್‌ಲೆಟ್ ಹೆಣೆದೆ. ಕೋಬ್ರಾ ಹೆಣಿಗೆ. ಎಡದ್ದು ಮೇಲೆ, ಬಲದ್ದು ಕೆಳಗೆ, ಬಿಗಿ, ಮತ್ತೆ ಉಲ್ಟಾ. ಬೆರಳ ತುದಿ ಕೆಂಪಾಗಿ ಹೋಗಿತ್ತು. ಅಮ್ಮ ಬಂದು ನೋಡಿ, "ಹೆಣ್ಣುಮಕ್ಕಳಿಲ್ಲದ ಮನೇಲಿ ನೀನಾದ್ರೂ ಜಡೆ ಹಾಕೋದು ಕಲಿತೆಯಲ್ಲ" ಅಂದು ನಕ್ಕರು.

ನನ್ನ ದಡ್ಡತನ ಇಲ್ಲೇ ಇದೆ. ಆರು ತುಂಡು ಮಾಡುವಾಗ ಹಗ್ಗವನ್ನು ನಾನೇ ಕತ್ತರಿಸಿದ್ದೇನೆ. ತುದಿಯಲ್ಲಿ ಬೆಳ್ಳಗೆ ಏನೋ ಕಂಡಿದೆ. ಎಳೆಗಳು ಇವೆ ಅಂದುಕೊಂಡು ಲೈಟರ್ ಹಿಡಿದು ತುದಿ ಸುಟ್ಟು ಮುಚ್ಚಿದ್ದೇನೆ. ಎಣಿಸಲಿಲ್ಲ. ಎಳೆದು ನೋಡಲಿಲ್ಲ. ಕಣ್ಣ ಮುಂದೆ ಇತ್ತು, ಎಣಿಸಲಿಲ್ಲ!

ಆರೂ ಜನ ಒಂದೊಂದು ಕೈಗೆ ಹಾಕ್ಕೊಂಡು ಕುದುರೆಮುಖಕ್ಕೆ ಹೋದೆವು. ಮುಳ್ಳೋಡಿಯಿಂದ ಹತ್ತಿ, ಮೇಲೆ ಹೋಗಿ, ವಾಪಸ್ ಇಳಿಯುತ್ತಿದ್ದೆವು. ಮಳೆ ಹನಿಯುತ್ತಿತ್ತು. ಒಂಟಿಮರ ಅನ್ನೋ ಜಾಗಕ್ಕೆ ಇನ್ನೂ ದೂರ ಇತ್ತು, ಅಷ್ಟರಲ್ಲಿ ಗೆಳೆಯನ ಶೂ ಅಡಿ ಕಿತ್ತುಕೊಂಡು ಬಾಯಿ ಬಿಟ್ಟಿತು. ಎರಡು ವರ್ಷ ಕಪಾಟಿನಲ್ಲಿಟ್ಟ ಶೂ, ಅಂಟು ಬಿಟ್ಟಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೀರೋ ಥರ ನನ್ನ ಬ್ರೇಸ್‌ಲೆಟ್ ಬಿಚ್ಚೋಕೆ ಕೂತೆ.

ಒದ್ದೆ ಕೈಯಲ್ಲಿ ಅದನ್ನು ಬಿಚ್ಚೋಕೆ ಹದಿನೈದು ನಿಮಿಷ ಬೇಕಾಯಿತು. ಕಾಲಿಗೆ ಜಿಗಣೆ ಹತ್ತುತ್ತಿವೆ. ಒಳಗಿನ ಎಳೆ ತೆಗೆಯೋಣ ಅಂತ ತುದಿ ಕತ್ತರಿಸಿ ಎಳೆದೆ. ಕೈಗೆ ಬಂದದ್ದು ಹತ್ತಿ. ನಿಜವಾಗಲೂ! ದೇವರ ದೀಪಕ್ಕೆ ಹಾಕುವ ಬತ್ತಿ ಥರದ ಮೆತ್ತನೆ ನಾರು, ಎಳೆದ ಹಾಗೆ ತುಂಡು ತುಂಡು. 7 ಎಳೆ ಇರಲಿ, ಒಂದೂ ಇಲ್ಲ. ಸರಿ, ಬರೀ ಕವಚದಲ್ಲೇ ಶೂ ಸುತ್ತಿ ಕಟ್ಟಿದೆ. ಇಪ್ಪತ್ತು ಹೆಜ್ಜೆ ಇಟ್ಟಿರಬಹುದು, ಕಲ್ಲಿಗೆ ಉಜ್ಜಿ ಟಪ್ ಅಂತ ಹರಿಯಿತು.

"ಇನ್ನೂರೈವತ್ತು ಕೆಜಿ ಅಂದೆಯಲ್ಲೋ?" ಅಂದ ಅವನು. ಯಾರೂ ಜೋರಾಗಿ ನಗಲಿಲ್ಲ, ಅದೇ ಇನ್ನೂ ಕಷ್ಟ. ಜೊತೆಗಿದ್ದ ಗೈಡ್ ಹುಡುಗ ಏನೂ ಮಾತಾಡದೆ ಬ್ಯಾಗಿನಿಂದ ಗೊಬ್ಬರದ ಚೀಲದ ದಾರ ತೆಗೆದು ನಾಲ್ಕು ಸುತ್ತು ಬಿಗಿದ. ಅದು ಜೀಪಿನ ತನಕ ಬಂತು. ಪುಕ್ಕಟೆ ದಾರ ರೀ ಅದು!

ಬೆಂಗಳೂರಿಗೆ ಬಂದು ಮಾರಿದವನಿಗೆ ಫೋಟೋ ಸಮೇತ ಮೆಸೇಜ್ ಹಾಕಿದೆ. ಅವನ ಉತ್ತರಗಳನ್ನು ಒಂದಾದ ಮೇಲೆ ಒಂದು ಓದಿ.

"ಸರ್, ಅನ್‌ಬಾಕ್ಸಿಂಗ್ ವಿಡಿಯೋ ಕಳಿಸಿ." ಹಗ್ಗದ ಪೊಟ್ಟಣ ಬಿಚ್ಚುವಾಗ ಯಾರು ವಿಡಿಯೋ ಮಾಡ್ತಾರೆ?

"ಸರ್, ನೀವು ಕಟ್ ಮಾಡಿದ್ದೀರಾ. ಕಟ್ ಆದ ಐಟಂ ರಿಟರ್ನ್ ಇಲ್ಲ." ಕತ್ತರಿಸದೆ ಬ್ರೇಸ್‌ಲೆಟ್ ಹೆಣೆಯೋದು ಹೇಗೆ ಮಾರಾಯ?

"ಸರ್, ಇದು ಫ್ಯಾಷನ್ ಪರ್ಪಸ್."

ಹಾಗಾದರೆ 550 ಅಂತ ಯಾಕೆ ಹಾಕಿದ್ದೀರಿ ಅಂತ ಕೇಳಿದೆ. ಅದಕ್ಕೆ ಬಂದ ಉತ್ತರ: "550 ಅಂದ್ರೆ ಮಾಡೆಲ್ ನಂಬರ್ ಸರ್."

ಮಾಡೆಲ್ ನಂಬರ್! ಮೂರು ಸಲ ಓದಿದೆ. ಮಿಲಿಟರಿ ಗ್ರೇಡ್ ಅಂದರೆ ಏನು ಅಂತ ಕೇಳಿದ್ದಕ್ಕೆ "ಅದು ಕಲರ್ ಸರ್, ಮಿಲಿಟರಿ ಗ್ರೀನ್" ಅಂದ. ಆಮೇಲೆ ಕೈ ಮುಗಿದ ಚಿತ್ರ. ಆಮೇಲೆ ಬ್ಲಾಕ್.

ಆ ಕೋಪದಲ್ಲೇ ಉಳಿದಿದ್ದನ್ನೂ ನೋಡಿದೆ. ಬೆಂಕಿ ಕಡ್ಡಿಯ ಮೇಲಿನ ಕಪ್ಪು ಬಣ್ಣ ಕೆರೆದು ಉಜ್ಜಬೇಕು, ಅದು ನನಗೂ ಗೊತ್ತು. ಕೆರೆದೆ. ಕಪ್ಪಿನ ಕೆಳಗೂ ಕಪ್ಪು ಪ್ಲಾಸ್ಟಿಕ್. ನನ್ನ ಹತ್ತಿರ ಇದ್ದ ದಿಕ್ಸೂಚಿಗಳನ್ನು ಮೇಜಿನ ಮೇಲೆ ದೂರ ದೂರ ಇಟ್ಟರೆ ಎಲ್ಲವೂ ಬೇರೆ ಬೇರೆ ಕಡೆ ಉತ್ತರ ತೋರಿಸಿದವು. ಸೀಟಿ ಮಾತ್ರ ಊದುತ್ತೆ, ಪಕ್ಕದ ರೂಮಿಗೆ ಕೇಳಿಸೋ ಅಷ್ಟು.

ನೀವು ತಗೊಳ್ಳೋದಾದರೆ ಮೊದಲೇ ಕೇಳಿ: ಹಗ್ಗದ ತುದಿ ಕತ್ತರಿಸಿ, ಒಳಗಿನ ಎಳೆ ಬಿಡಿಸಿಟ್ಟ ಫೋಟೋ ಕಳಿಸಿ ಅಂತ. ಸಬೂಬು ಹೇಳಿದರೆ ಬಿಟ್ಟುಬಿಡಿ. ಮನೆಗೆ ಬಂದ ತಕ್ಷಣ ತುದಿ ಸುಡೋ ಮುಂಚೆ ಎಣಿಸಿ, ಒಂದು ಎಳೆಯನ್ನು ಬೆರಳಿಗೆ ಸುತ್ತಿ ಜಗ್ಗಿ. ಪೊಟ್ಟಣ ಬಿಚ್ಚುವಾಗ ವಿಡಿಯೋನೂ ಮಾಡಿ, ನಾಚಿಕೆ ಬೇಡ. ಮತ್ತೆ ಹಗ್ಗ ಒಳ್ಳೆಯದೇ ಇದ್ದರೂ ಅದಕ್ಕೆ ಮನುಷ್ಯರನ್ನು ನೇತುಹಾಕೋ ಸಾಹಸ ಬೇಡ, ಅದು ಬಂಡೆ ಹತ್ತುವ ಹಗ್ಗ ಅಲ್ಲ. ನಮ್ಮದು ಶೂ. ಹೊಳೆ ದಾಟುವಾಗ ಕೈಗೆ ಆಧಾರಕ್ಕೆ ಅಂತ ಅದೇ ಹಗ್ಗ ಕಟ್ಟಿದ್ದಿದ್ದರೆ? ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಕಾಯ್ತಾ ಇದ್ದೇನೆ. ಉಳಿದ ಐದು ಬ್ರೇಸ್‌ಲೆಟ್‌ನಲ್ಲಿ ನಾಲ್ಕನ್ನು ವಾಪಸ್ ಇಸ್ಕೊಂಡೆ. ಶೂ ಗೆಳೆಯ ಮಾತ್ರ ತನ್ನದನ್ನು ಕೊಡ್ತಿಲ್ಲ. ದಿನಾ ಕೈಗೆ ಹಾಕ್ಕೊಂಡು ಬಂದು, ಊಟದ ಹೊತ್ತಲ್ಲಿ ಡಬ್ಬಿ ಪಕ್ಕ ಕೈ ಇಟ್ಕೊಂಡು ಕೂರ್ತಾನೆ.